ಟೆಂಟ್ ಎತ್ತಿದ ಮೇಲೆ ಏನು ಉಳಿಯುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುತ್ತಾ, ಕಾಡಿನಲ್ಲಿ ಟೆಂಟ್ ಹಾಕುವುದು ತಪ್ಪಲ್ಲ, ಆದರೆ ಹಾಕಿದ್ದು ಆಮೇಲೆ ಬಂದವರಿಗೆ ಗೊತ್ತಾಗಬಾರದು ಅಂದಿದ್ದೆ. ಅದು ಹೇಗೆ ಸಾಧ್ಯ ಅಂತ ಸುಮಾರು ಜನ ಕೇಳಿದ್ದಾರೆ. ಕೆಲವರು ಬೈದಿದ್ದಾರೆ ಕೂಡ. ಬೈದವರಿಗೂ ಕೆಳಗೆ ಜಾಗ ಕೊಟ್ಟಿದ್ದೇನೆ. ಮೊದಲೇ ಒಂದು ಮಾತು: ನೀವು ಹೋಗುವ ಕಡೆ ಟೆಂಟ್ ಹಾಕಲು ಅನುಮತಿ ಬೇಕಾ, ಬೆಂಕಿ ಹಾಕಬಹುದಾ ಅನ್ನುವುದನ್ನು ಅಲ್ಲಿನ ಜಾಗ ನೋಡಿಕೊಳ್ಳುವವರನ್ನು ಕೇಳಿಕೊಂಡೇ ಹೊರಡಿ. ನಾನು ಬರೆಯುತ್ತಿರುವುದೆಲ್ಲ ಅದಾದ ಮೇಲಿನ ಮಾತು.

ಪ್ರಶ್ನೆ: ಮೊದಲ ಸಲ ಟೆಂಟ್ ಕೊಂಡಿದ್ದೇವೆ. ತೊರೆ ಪಕ್ಕದಲ್ಲಿ, ಮೆತ್ತನೆ ಹಸಿರು ಹುಲ್ಲಿನ ಮೇಲೆ, ಯಾರೂ ತುಳಿಯದ ಜಾಗ ನೋಡಿ ಹಾಕಬೇಕು ಅಂತ ಆಸೆ. ಸರಿ ಅಲ್ವಾ?

ಆಸೆ ಚೆನ್ನಾಗಿದೆ. ಜಾಗ ಮಾತ್ರ ಮೂರಕ್ಕೆ ಮೂರೂ ತಪ್ಪು.

ತೊರೆಯಿಂದ ಶುರು ಮಾಡೋಣ. ಕತ್ತಲಾದ ಮೇಲೆ ನೀರು ಕುಡಿಯಲು ಬರುವ ಪ್ರಾಣಿಗಳಿಗೆ ಅದೊಂದೇ ದಾರಿ ಇರಬಹುದು. ಆ ದಾರಿಗೆ ಅಡ್ಡ ನಿಮ್ಮ ಟೆಂಟ್, ನಿಮ್ಮ ಟಾರ್ಚ್, ನಿಮ್ಮ ನಗು. ಅವು ದೂರದಲ್ಲೇ ನಿಂತು ಕಾಯುತ್ತವೆ, ಇಲ್ಲವೇ ಬಾಯಾರಿಕೆಯಲ್ಲೇ ವಾಪಸ್ ಹೋಗುತ್ತವೆ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಇರಿ. ಟೇಪು ಹಿಡಿದು ಅಳೆಯುವುದೇನೂ ಬೇಡ, ದೊಡ್ಡವರ ಹೆಜ್ಜೆಯಲ್ಲಿ 70-80 ಹೆಜ್ಜೆ. ದಡದಲ್ಲಿ ಮಲಗಿದರೆ ರಾತ್ರಿಯಿಡೀ ಬಟ್ಟೆಯೆಲ್ಲ ಇಬ್ಬನಿಗೆ ಒದ್ದೆ, ಮೇಲೆ ಎಲ್ಲೋ ಮಳೆ ಬಿದ್ದರೆ ನಿದ್ದೆಯಲ್ಲೇ ನೀರು ಏರುವ ಭಯ ಬೇರೆ.

ಮೆತ್ತನೆ ಹಸಿರು ಅಂದರೆ ತುಳಿದರೆ ಸಾಯುವ ಹಸಿರು. ಬಂಡೆ, ಮರಳು, ಗೊಚ್ಚು, ಒಣ ಹುಲ್ಲು, ತರಗೆಲೆ ಬಿದ್ದ ಗಟ್ಟಿ ನೆಲ, ಇವು ತಡೆದುಕೊಳ್ಳುತ್ತವೆ. ಪಾಚಿ, ಜರಿಗಿಡ, ಎಳೆ ಸಸಿಗಳು ತಡೆಯುವುದಿಲ್ಲ.

ಇನ್ನು ಮೂರನೆಯದು, ಯಾರೂ ತುಳಿಯದ ಜಾಗ. ಇದು ನನಗೂ ತುಂಬಾ ದಿನ ತಲೆಗೆ ಹೋಗಿರಲಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ಸಂಶೋಧಕ ಡೇವಿಡ್ ಕೋಲ್ ದಶಕಗಳ ಕಾಲ ಕಾಡಿನ ಟೆಂಟ್ ಜಾಗಗಳನ್ನು ಅಳೆದವರು. ಅವರು ಕಂಡುಕೊಂಡದ್ದು ಇಷ್ಟು: ಹೊಸ ನೆಲಕ್ಕೆ ಆಗುವ ಹಾನಿಯ ದೊಡ್ಡ ಪಾಲು ಮೊದಲ ಕೆಲವು ರಾತ್ರಿಗಳಲ್ಲೇ ಆಗಿಹೋಗುತ್ತದೆ. ಗಿಡ ಸಾಯುತ್ತೆ, ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತೆ, ನೀರು ಇಂಗುವುದು ಕಮ್ಮಿಯಾಗುತ್ತೆ. ಅದಾದ ಮೇಲೆ ಅದೇ ಜಾಗದಲ್ಲಿ ಇನ್ನೂ ಎಷ್ಟೋ ಜನ ಮಲಗಿದರೂ ಹಾನಿ ಅಷ್ಟಾಗಿ ಹೆಚ್ಚುವುದಿಲ್ಲ. ಆದರೆ ಹಾಳಾಗುವುದಕ್ಕೆ ವಾರ ಸಾಕು, ಸುಧಾರಿಸಿಕೊಳ್ಳಲು ವರ್ಷಗಳೇ ಬೇಕು. ಹಾಗಾಗಿ ಜನ ಓಡಾಡುವ ಕಡೆ ಹೋದರೆ, ಮೊದಲೇ ಬೋಳಾಗಿರುವ, ನೋಡಲು ಅಷ್ಟೇನೂ ಚಂದವಿಲ್ಲದ ಜಾಗದಲ್ಲೇ ಮಲಗಿ. ಹತ್ತು ತಂಡ ಹತ್ತು ಕಡೆ ಮಲಗಿದರೆ ಹತ್ತು ಬೋಳು ಕಲೆಗಳು, ಒಂದೇ ಕಡೆ ಮಲಗಿದರೆ ಒಂದು.

ದಾರಿಯೇ ಇಲ್ಲದ ಕಡೆ, ನಿಜವಾಗಿಯೂ ಯಾರೂ ಬರದ ಕಡೆ ಲೆಕ್ಕ ತಿರುವುಮುರುವು. ಅಲ್ಲಿ ಟೆಂಟ್‌ಗಳು ದೂರ ದೂರ ಇರಲಿ, ನೀರಿಗೆ ಹೋಗುವಾಗ ಪ್ರತಿ ಸಲ ಬೇರೆ ದಾರಿ ಹಿಡಿಯಿರಿ, ಎರಡನೇ ರಾತ್ರಿಗೆ ಜಾಗ ಬದಲಿಸಿ. ಎಲ್ಲಕ್ಕಿಂತ ಬಿಟ್ಟುಬಿಡಬೇಕಾದ್ದು ಅರ್ಧಂಬರ್ಧ ಸವೆದ ಜಾಗ. ಹುಲ್ಲು ಮಲಗಿದೆ, ಆದರೆ ಬೇರು ಇನ್ನೂ ಸತ್ತಿಲ್ಲ ಅನ್ನುವಂಥದ್ದು. ಅದಕ್ಕೆ ಬಿಡುವು ಕೊಟ್ಟರೆ ಬದುಕಿಕೊಳ್ಳುತ್ತೆ. ನೀವು ಮಲಗಿದರೆ ಮುಗೀತು.

ಪ್ರಶ್ನೆ: ಟೆಂಟ್ ಸುತ್ತ ಕಾಲುವೆ ತೋಡಬೇಕು, ಇಲ್ಲದಿದ್ದರೆ ಮಳೆ ನೀರು ಒಳಗೆ ಬರುತ್ತೆ ಅಂತ ನಮ್ಮ ಸ್ಕೌಟ್ಸ್ ಮೇಷ್ಟ್ರು ಕಲಿಸಿದ್ದರು.

ಆಗ ಟೆಂಟ್‌ಗೆ ತಳವೇ ಇರುತ್ತಿರಲಿಲ್ಲ. ಈಗಿನವಕ್ಕೆ ನೀರು ಹಿಡಿಯದ ತಳ ಇದೆ. ತೋಡಬೇಡಿ. ಸ್ವಲ್ಪ ಎತ್ತರದ ಜಾಗ ನೋಡಿ ಹಾಕಿ, ಸಾಕು.

ಪ್ರಶ್ನೆ: ನಿಮ್ಮ ಮಾತು ಕೇಳಿದರೆ ಕ್ಯಾಂಪ್‌ಫೈರ್ ಕೂಡ ಬೇಡ ಅಂತೀರಿ. ಬೆಂಕಿ ಇಲ್ಲದ ಮೇಲೆ ಕ್ಯಾಂಪಿಂಗ್ ಯಾಕೆ, ಮನೆಯಲ್ಲೇ ಮಲಗಬಹುದಲ್ಲ?

ಬೈಗುಳ ನಂಬರ್ ಒಂದು. ತಲೆಬಾಗಿ ಸ್ವೀಕರಿಸಿದ್ದೇನೆ.

ಬೆಂಕಿ ಸುತ್ತ ಹುಟ್ಟುವ ಮಾತು ಸ್ಟೌವ್ ಸುತ್ತ ಹುಟ್ಟುವುದಿಲ್ಲ, ಅದು ನಿಜ. ಆದರೆ ಅಡುಗೆಗೆ ಪುಟ್ಟ ಗ್ಯಾಸ್ ಸ್ಟೌವ್ ಇದೆ, ಬೆಳಕಿಗೆ ಹೆಡ್‌ಲ್ಯಾಂಪ್ ಇದೆ, ಚಳಿಗೆ ಇನ್ನೊಂದು ಸ್ವೆಟರ್ ಇದೆ. ಉಳಿಯುವುದು ಮಜಾ ಒಂದೇ. ಅದಕ್ಕೆ ನೆಲ ಎಷ್ಟು ಬೆಲೆ ಕೊಡಬೇಕು ಅನ್ನುವುದು ಜಾಗದ ಮೇಲಿದೆ. ಬೇಸಿಗೆಯ ಒಣ ಕಾಡು, ಜೋರು ಗಾಳಿ, ಸೌದೆಯೇ ಸಿಗದ ಎತ್ತರದ ಬೆಟ್ಟ, ಇಂಥ ಕಡೆ ಬೇಡವೇ ಬೇಡ. ಬೆಂಕಿ ಹಾಕಲೆಂದೇ ಕಲ್ಲಿನ ಒಲೆಯೋ ಕಬ್ಬಿಣದ ತಟ್ಟೆಯೋ ಇಟ್ಟಿರುವ ಕಡೆ, ಅನುಮತಿಯೂ ಇದ್ದರೆ, ಸಣ್ಣದಾಗಿ ಹಾಕಿ. ಹೊಸ ಒಲೆ ಕಟ್ಟಬೇಡಿ.

ಸೌದೆ ನೆಲಕ್ಕೆ ಬಿದ್ದದ್ದೇ ಆಗಿರಬೇಕು, ಒಣಗಿರಬೇಕು, ನಿಮ್ಮ ಮಣಿಕಟ್ಟಿಗಿಂತ ದಪ್ಪ ಇರಬಾರದು, ಕೈಯಲ್ಲೇ ಮುರಿಯಬೇಕು. ಕೊಡಲಿ ಬೇಕಾಯಿತು ಅಂದರೆ ನೀವು ತಪ್ಪು ಸೌದೆ ಆರಿಸಿದ್ದೀರಿ. ಒಣಗಿ ನಿಂತ ಮರ ನಮ್ಮ ಕಣ್ಣಿಗೆ ಸತ್ತ ಮರ. ಮರಕುಟಿಗಕ್ಕೆ ಅದೇ ಮನೆ. ಅದು ಕೊರೆದು ಬಿಟ್ಟುಹೋದ ಪೊಟರೆ ಗೂಬೆಗೆ ಮನೆ. ಊರಿನಿಂದ ಸೌದೆ ಕಟ್ಟಿಕೊಂಡು ಹೋಗುತ್ತೇವೆ ಅಂತೀರಾ? ಅದೂ ಬೇಡ. ಎಮರಾಲ್ಡ್ ಆಶ್ ಬೋರರ್ ಅಂತ, ಆಶ್ ಅನ್ನುವ ಮರವನ್ನು ಕೊರೆದು ಕೊಲ್ಲುವ ಪಚ್ಚೆ ಬಣ್ಣದ ಪುಟ್ಟ ದುಂಬಿ ಇದೆ, ಏಷ್ಯಾದ್ದು. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾಯಿತು. ತಾನಾಗಿ ಹಾರಿದ್ದರೆ ಅದು ಇಷ್ಟು ಬೇಗ ಹಬ್ಬುತ್ತಿರಲಿಲ್ಲ. ಜನ ಕಾರಿನ ಡಿಕ್ಕಿಯಲ್ಲಿ ಸೌದೆಯ ಜೊತೆ ಅದನ್ನೂ ಹೊತ್ತೊಯ್ದರು. ಕೋಟಿಗಟ್ಟಲೆ ಆಶ್ ಮರಗಳು ಸತ್ತವು.

ಈಗ ನನ್ನದೇ ಎಡವಟ್ಟು ಹೇಳುತ್ತೇನೆ. ತುಂಬಾ ವರ್ಷದ ಹಿಂದೆ, ನಾಲ್ಕು ಜನ ಹೋಗಿದ್ದೆವು. ಮಲಗುವ ಮುಂಚೆ ಬೆಂಕಿಯ ಮೇಲೆ ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ. ಬೆಳಿಗ್ಗೆ ನೋಡಿದರೆ ಬೂದಿ ತಣ್ಣಗಿತ್ತು. ಬ್ಯಾಗ್ ಕಟ್ಟುವಾಗ ನೋಡುತ್ತೇನೆ, ಬೆಂಕಿ ಹಾಕಿದ ಜಾಗದಿಂದ ಒಂದು ಮಾರು ಆಚೆ, ತರಗೆಲೆಯ ನಡುವಿನಿಂದ ದಾರದಷ್ಟು ತೆಳ್ಳಗೆ ಹೊಗೆ ಏಳುತ್ತಿದೆ. ಕೈ ಹಾಕಿ ಕೆದಕಿದೆ, ಬೆರಳು ಸುಟ್ಟಿತು. ಮಣ್ಣಿನೊಳಗೆ ಒಂದು ಬೇರು, ಹೆಬ್ಬೆರಳಿನಷ್ಟು ದಪ್ಪ, ಊದುಬತ್ತಿಯ ಹಾಗೆ ಒಳಗೊಳಗೇ ಉರಿಯುತ್ತಾ ಮರದ ಬುಡದ ಕಡೆ ಹೋಗುತ್ತಿತ್ತು. ನಾವು ಅರ್ಧ ಗಂಟೆ ಮೊದಲೇ ಹೊರಟಿದ್ದರೆ ಗತಿ? ತೊರೆಯಿಂದ ಒಂದೇ ಒಂದು ಪಾತ್ರೆಯಲ್ಲಿ ನೀರು ಹೊತ್ತು ಹೊತ್ತು ಸುರಿದೆವು. ಮಧ್ಯಾಹ್ನವಾಯಿತು.

ಮಣ್ಣು ಮುಚ್ಚಿದರೆ ಬೆಂಕಿ ಆರುವುದಿಲ್ಲ, ಕೆಂಡ ಬೆಚ್ಚಗೆ ಉಳಿಯುತ್ತೆ. ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಕೊನೆಗೆ ಅಂಗೈ ಹಿಂಭಾಗವನ್ನು ಮೊದಲು ಹತ್ತಿರ ಹಿಡಿದು, ಆಮೇಲೆ ತಾಗಿಸಿ ನೋಡಿ. ಬಿಸಿ ಅನ್ನಿಸಿದರೆ ಇನ್ನೂ ಆರಿಲ್ಲ ಅಂತ. ಮತ್ತೆ, ತಿಂಡಿಯ ಹೊಳೆಯುವ ಪೊಟ್ಟಣಗಳನ್ನು ಬೆಂಕಿಗೆ ಹಾಕಬೇಡಿ ದಯವಿಟ್ಟು. ಪ್ಲಾಸ್ಟಿಕ್ ವಿಷದ ಹೊಗೆಯಾಗುತ್ತೆ, ಒಳಗಿನ ಅಲ್ಯೂಮಿನಿಯಂ ಪದರ ಚೂರು ಚೂರಾಗಿ ಬೂದಿಯಲ್ಲಿ ಕೂರುತ್ತೆ. ಅದನ್ನು ಆರಿಸಿ ತೆಗೆಯಲು ಕೂತರೆ ನಿಮಗೇ ಗೊತ್ತಾಗುತ್ತೆ.

ಪ್ರಶ್ನೆ: ಕೇಳೋಕೆ ಮುಜುಗರ. ಬೆಳಿಗ್ಗೆ ಎದ್ದು… ಎಲ್ಲಿಗೆ ಹೋಗೋದು? ಹೆಸರು ಹಾಕಬೇಡಿ.

ಹೆಸರು ಹಾಕಿಲ್ಲ. ಮುಜುಗರವೂ ಬೇಡ, ಬಂದ ಪತ್ರಗಳಲ್ಲಿ ಅತಿ ಮುಖ್ಯವಾದ್ದು ನಿಮ್ಮದೇ.

ಶೌಚಾಲಯ ಇದ್ದರೆ, ಎಷ್ಟೇ ಗಲೀಜಾಗಿದ್ದರೂ, ಅಲ್ಲಿಗೇ ಹೋಗಿ. ಇಲ್ಲದಿದ್ದರೆ ಒಂದು ಕೈಗುದ್ದಲಿ ಬ್ಯಾಗಿನಲ್ಲಿರಲಿ. ನೀರಿನಿಂದ, ದಾರಿಯಿಂದ, ಟೆಂಟಿನಿಂದ ಅದೇ 70-80 ಹೆಜ್ಜೆ ದೂರ ಹೋಗಿ, ಕಪ್ಪು ಮಣ್ಣಿರುವ ಕಡೆ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ. ಅಂದರೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಅದಕ್ಕಿಂತ ಆಳ ಹೋದರೆ ಒಳ್ಳೆಯದು ಅಂದುಕೊಳ್ಳಬೇಡಿ. ಕೊಳೆಸುವ ಜೀವಿಗಳೆಲ್ಲ ಇರುವುದು ಮೇಲಿನ ಪದರದಲ್ಲೇ. ಕೆಲಸ ಮುಗಿದ ಮೇಲೆ ಅದೇ ಮಣ್ಣಿನಿಂದ ಮುಚ್ಚಿ, ಮೇಲೆ ತರಗೆಲೆ ಎಳೆಯಿರಿ. ಜಾಗವನ್ನು ಮುಂಚಿನ ದಿನ ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ಅವಸರ ಆದಾಗ ಯಾರೂ 70 ಹೆಜ್ಜೆ ಎಣಿಸುವುದಿಲ್ಲ, ಗುಂಡಿಯನ್ನಂತೂ ತೋಡುವುದೇ ಇಲ್ಲ.

ಮೇಲೊಂದು ಕಲ್ಲು ಇಟ್ಟು ಬರುವವರಿದ್ದಾರೆ. ಕಲ್ಲಿನಡಿ ಮಣ್ಣಿನ ಜೊತೆ ಬೆರೆಯುವುದೇ ಇಲ್ಲ, ಹಾಗೇ ಇರುತ್ತೆ. ಮುಂದೆ ಬಂದವರು ಒಲೆಗೆ ಕಲ್ಲು ಹುಡುಕುತ್ತಾ ಅದನ್ನೇ ಎತ್ತುತ್ತಾರೆ. ನಾನು ಎತ್ತಿದ್ದೇನೆ.

ಹೂತ ಮಾತ್ರಕ್ಕೆ ಮರುವಾರ ಮಣ್ಣಾಗಿಬಿಡುತ್ತೆ ಅಂತಲ್ಲ. ಅಮೆರಿಕದ ಮೊಂಟಾನಾದ ಬೆಟ್ಟಗಳಲ್ಲಿ ಬ್ಯಾಕ್ಟೀರಿಯಾ ಬೆರೆಸಿದ ಮಲವನ್ನು ಹೂತಿಟ್ಟು ಪರೀಕ್ಷೆ ಮಾಡಿದ್ದರು. 1982ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಮರುವರ್ಷ ಅಗೆದು ನೋಡಿದಾಗಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬದುಕಿತ್ತು. ಚಳಿ ಪ್ರದೇಶ, ಬಂಡೆ, ಮರುಭೂಮಿ, ಹಿಮ, ಇಲ್ಲೆಲ್ಲ ಹೂಳುವುದರಿಂದ ಪ್ರಯೋಜನವಿಲ್ಲ. ಅದಕ್ಕೆಂದೇ ಬರುವ ಮುಚ್ಚಿದ ಚೀಲದಲ್ಲಿ ಹಾಕಿಕೊಂಡು ವಾಪಸ್ ತರಬೇಕು. ಮೂಗು ಮುರಿಯಬೇಡಿ. 2024ರಿಂದ ಎವರೆಸ್ಟ್ ಹತ್ತುವವರಿಗೇ ಅಲ್ಲಿನ ಸ್ಥಳೀಯ ಆಡಳಿತ ಈ ಚೀಲ ಕಡ್ಡಾಯ ಮಾಡಿದೆ. ಅಷ್ಟು ಎತ್ತರದಿಂದ ಅವರು ಹೊತ್ತು ತರುತ್ತಾರಂತೆ, ನಾವು ಎರಡು ದಿನದ್ದು ತರಲಾರೆವಾ?

ಟಿಶ್ಯೂ ಪೇಪರ್, ಪ್ಯಾಡ್ ಇವೆಲ್ಲ ವಾಪಸ್ ಬರಬೇಕು. ಹೂತರೆ ಪ್ರಾಣಿಗಳು ಅಗೆದು ಹರಡುತ್ತವೆ. ಸುಡಲು ಹೋಗಿ ಕಾಡಿಗೇ ಬೆಂಕಿ ಹಚ್ಚಿದವರಿದ್ದಾರೆ. ವೆಟ್ ವೈಪ್ಸ್ ಬಟ್ಟೆಯ ಹಾಗೆ ಕಂಡರೂ ಬಹಳಷ್ಟರಲ್ಲಿ ಇರುವುದು ಪ್ಲಾಸ್ಟಿಕ್ ನೂಲು. ಜಿಪ್ ಇರುವ ಚೀಲಕ್ಕೆ ಹಾಕಿ, ಅದನ್ನು ಒಳಗಿರುವುದು ಹೊರಗೆ ಕಾಣದ ಇನ್ನೊಂದು ಚೀಲಕ್ಕೆ ಹಾಕಿ. ವಾಸನೆ ಬರುವುದಿಲ್ಲ, ನಂಬಿ.

ಒಂದಕ್ಕೆ ಹೋಗುವುದರಲ್ಲಿ ಅಷ್ಟು ತೊಂದರೆ ಇಲ್ಲ, ಆದರೆ ಗಿಡದ ಮೇಲೆ ಬೇಡ, ಬಂಡೆಯ ಮೇಲೋ ಬರೀ ಮಣ್ಣಿನ ಮೇಲೋ ಹೋಗಿ. ಕಾರಣ ಉಪ್ಪು. ಅಮೆರಿಕದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನಲ್ಲಿ ಹೊರಗಿನಿಂದ ತಂದು ಬಿಟ್ಟಿದ್ದ ಬೆಟ್ಟದ ಮೇಕೆಗಳು ಮೊದಲೇ ಅಲ್ಲಿನ ಗಿಡಗಳನ್ನು ಹಾಳು ಮಾಡುತ್ತಿದ್ದವು. ಸಾಲದ್ದಕ್ಕೆ ಜನರ ಬೆವರು, ಮೂತ್ರದ ಉಪ್ಪಿನ ರುಚಿ ಹತ್ತಿ, ನಡೆದು ಹೋಗುವವರ ಬೆನ್ನು ಬೀಳತೊಡಗಿದವು. ಕೊನೆಗೆ 2018ರಿಂದ 2020ರ ತನಕ 300ಕ್ಕೂ ಹೆಚ್ಚು ಮೇಕೆಗಳ ಕಣ್ಣಿಗೆ ಬಟ್ಟೆ ಕಟ್ಟಿ, ಹೆಲಿಕಾಪ್ಟರ್‌ಗೆ ನೇತುಹಾಕಿ ಸಾಗಿಸಬೇಕಾಯಿತು.

ಪ್ರಶ್ನೆ: ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಎಸೆದರೆ ಏನು ತಪ್ಪು? ಕೊಳೆತು ಗೊಬ್ಬರ ಆಗುತ್ತಲ್ಲ.

ಆಗುತ್ತೆ, ಯಾವಾಗ ಅಂತ ಕೇಳಿ. ಮನೆಯ ಗೊಬ್ಬರದ ಗುಂಡಿಯಲ್ಲಿ ಬಿಸಿ, ತೇವ, ಹುಳು ಎಲ್ಲ ಇರುತ್ತೆ. ದಾರಿ ಪಕ್ಕದ ಒಣ ನೆಲದ ಮೇಲೆ ಅದೇ ಸಿಪ್ಪೆ ಒಣಗಿ ತೊಗಲಿನಂತಾಗಿ ತಿಂಗಳುಗಟ್ಟಲೆ ಬಿದ್ದಿರುತ್ತೆ. ಚಳಿ ಜಾಸ್ತಿ ಇರುವ ಕಡೆ ವರ್ಷ ದಾಟಿದರೂ ಇರಬಹುದು. ಅಷ್ಟರಲ್ಲಿ ಆ ಜಾಗಕ್ಕೆ ಬಂದು ಕೂತು ಸಿಪ್ಪೆ ಎಸೆಯುವವರು ನೀವೊಬ್ಬರೇನಾ? ಸಿಪ್ಪೆಯ ರಾಶಿ ಕಂಡವರು ಬಿಸ್ಕೆಟ್ ಪೊಟ್ಟಣವನ್ನೂ ಅಲ್ಲೇ ಬಿಡುತ್ತಾರೆ. ಕಸ ಕಸವನ್ನು ಕರೆಯುತ್ತೆ.

ಪ್ರಶ್ನೆ: 'ಬಯೋಡಿಗ್ರೇಡಬಲ್' ಅಂತ ಬರೆದ ಸೋಪು ಕೊಂಡಿದ್ದೇನೆ. ತೊರೆಯಲ್ಲಿ ಪಾತ್ರೆ ತೊಳೆಯಬಹುದಲ್ಲ?

ಇಲ್ಲ. ಆ ಪದದ ಅರ್ಥ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕರಗಿಸಬಲ್ಲವು ಅಂತ, ನೀರಿಗೆ ಸುರಿಯಬಹುದು ಅಂತಲ್ಲ. ತೊರೆಯ ಮೇಲೆ ಉದ್ದ ಕಾಲಿನ ಹುಳುಗಳು ಜಾರುತ್ತಾ ಓಡಾಡುವುದನ್ನು ನೋಡಿದ್ದೀರಲ್ಲ? ನೀರಿನ ಮೇಲ್ಮೈಗೆ ತೆಳು ಪೊರೆಯಂಥ ಬಿಗಿ ಇರುವುದರಿಂದಲೇ ಅವು ಮುಳುಗುವುದಿಲ್ಲ. ಸೋಪು ಮಾಡುವ ಮೊದಲ ಕೆಲಸವೇ ಆ ಬಿಗಿ ಸಡಿಲಿಸುವುದು. ಮೀನಿನ ಕಿವಿರಿಗೂ ಅದು ಒಳ್ಳೆಯದಲ್ಲ.

ಪಾತ್ರೆಯಲ್ಲಿ ನೀರು ಹೊತ್ತು 70-80 ಹೆಜ್ಜೆ ಈಚೆ ಬನ್ನಿ. ತಟ್ಟೆಯನ್ನು ಮೊದಲು ಬೆರಳಿನಿಂದಲೇ ಬಳಿದು ತಿಂದುಬಿಡಿ. ಉಳಿದದ್ದನ್ನು ಬಿಸಿ ನೀರು, ಒಂದು ಹಿಡಿ ಮರಳು ಹಾಕಿ ತಿಕ್ಕಿದರೆ ಸಾಮಾನ್ಯವಾಗಿ ಸೋಪೇ ಬೇಡ. ತೊಳೆದ ನೀರನ್ನು ಜರಡಿ ಹಿಡಿದು ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೀರನ್ನು ಒಂದೇ ಕಡೆ ಸುರಿಯದೆ ಅಗಲವಾಗಿ ಚೆಲ್ಲಿ.

ಈಜುವವರಿಗೂ ಒಂದು ಮಾತು. ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಎಲ್ಲ ನೀರಿಗೇ ಇಳಿಯುತ್ತೆ. ಹವಾಯಿಯಲ್ಲಿ ಹವಳಕ್ಕೆ ಹಾನಿ ಅಂತ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನೇ 2021ರಿಂದ ನಿಲ್ಲಿಸಿದ್ದಾರೆ. ತುಂಬು ತೋಳಿನ ಅಂಗಿ ಹಾಕಿಕೊಂಡೇ ನೀರಿಗಿಳಿದರೆ ಕ್ರೀಮಿನ ಗೊಡವೆಯೇ ಇಲ್ಲ.

ಪ್ರಶ್ನೆ: ಒಂದು ಸಣ್ಣ ಸ್ಪೀಕರ್ ತಗೊಂಡು ಹೋದರೆ ಯಾರಿಗೆ ಏನು ಕಷ್ಟ? ಹತ್ತಿರದಲ್ಲಿ ಯಾರೂ ಇರಲ್ಲ.

ಬೈಗುಳ ನಂಬರ್ ಎರಡು. ಮನುಷ್ಯರು ಯಾರೂ ಇರಲ್ಲ ಅನ್ನಿ. ಗೂಬೆ ಕತ್ತಲಲ್ಲಿ ಬೇಟೆಯಾಡುವುದು ಹೆಚ್ಚಾಗಿ ಕಿವಿಯಿಂದಲೇ, ಎಲೆಯಡಿ ಇಲಿ ಸರಿದ ಸದ್ದು ಹಿಡಿದು. ನಿಮ್ಮ ಹಾಡು ಮುಗಿಯುವ ತನಕ ಅದು ಉಪವಾಸ. ಇಯರ್‌ಫೋನ್ ಹಾಕಿಕೊಳ್ಳಿ, ಯಾರ ತಕರಾರೂ ಇಲ್ಲ.

ಪ್ರಶ್ನೆ: ಟೆಂಟ್ ಹತ್ತಿರ ಅಳಿಲು ಬಂತು. ಮಗಳು ಬಿಸ್ಕೆಟ್ ಕೊಟ್ಟಳು. ಅಷ್ಟು ಮುದ್ದಾಗಿತ್ತು, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.

ಮಗಳನ್ನು ಬೈಯಬೇಡಿ. ಆದರೆ ಅಳಿಲು ಅಷ್ಟು ಹತ್ತಿರ ಬಂತು ಅಂದರೆ ನಿಮಗಿಂತ ಮೊದಲು ಯಾರೋ ಕೊಟ್ಟಿದ್ದಾರೆ. ಮನುಷ್ಯ ಅಂದರೆ ಊಟ ಅಂತ ಒಮ್ಮೆ ಕಲಿತ ಪ್ರಾಣಿ ಅದನ್ನು ಮರೆಯುವುದಿಲ್ಲ. ಕೊಟ್ಟರೆ ತಿನ್ನುತ್ತೆ, ಕೊಡದಿದ್ದರೆ ಕಿತ್ತುಕೊಳ್ಳುತ್ತೆ. ಅಳಿಲಾದರೆ ಬೆರಳು ಕಚ್ಚಬಹುದು, ಕರಡಿಯಾದರೆ? ಊಟಕ್ಕಾಗಿ ಟೆಂಟಿಗೆ ನುಗ್ಗುವುದನ್ನು ಕಲಿತ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತೆ. ತಿನ್ನಿಸಿದ ಕರಡಿ ಸತ್ತ ಕರಡಿ ಅಂತ ಅಮೆರಿಕದ ಕಾಡು ಕಾಯುವವರಲ್ಲಿ ಮಾತೇ ಇದೆ.

ಬೇಕೆಂದೇ ಕೊಡದಿದ್ದರೂ, ಎದುರಿಗೆ ಇಟ್ಟು ಮಲಗಿದರೆ ಕೊಟ್ಟಂತೆಯೇ. ಊಟ, ಕಸ, ಟೂತ್‌ಪೇಸ್ಟ್ ಸಮೇತ ವಾಸನೆ ಬರುವುದೆಲ್ಲ ಗಟ್ಟಿ ಮುಚ್ಚಳದ ಡಬ್ಬಿಯೊಳಗೆ, ಟೆಂಟಿನಿಂದ ದೂರ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಅರ್ಧ ತಿಂದ ಚಾಕಲೇಟ್ ಮರೆತು ಮಲಗಿದ್ದೆ ಒಮ್ಮೆ. ಬೆಳಿಗ್ಗೆ ಇಲಿಯೊಂದು ಜಿಪ್ಪಿನ ಪಕ್ಕದಲ್ಲೇ ತನ್ನದೊಂದು ಬಾಗಿಲು ಮಾಡಿಟ್ಟಿತ್ತು.

ಪ್ರಶ್ನೆ: ಶೂ ತೊಳೆದುಕೊಂಡು ಕಾಡಿಗೆ ಹೋಗಿ ಅಂತ ಎಲ್ಲೋ ಓದಿದೆ. ಹೇಗೂ ಕೆಸರಾಗುತ್ತಲ್ಲ, ತಮಾಷೆನಾ?

ತಮಾಷೆ ಅಲ್ಲ. ಹೋದ ಕಾಡಿನ ಕೆಸರನ್ನು ಈ ಕಾಡಿಗೆ ತರಬೇಡಿ ಅಂತ. ನ್ಯೂಜಿಲೆಂಡಿನಲ್ಲಿ ಕೌರಿ ಅಂತ ದೈತ್ಯ ಮರಗಳಿವೆ, ಸಾವಿರ ವರ್ಷ ದಾಟಿದವೂ ಇವೆ. ಮಣ್ಣಿನ ಮೂಲಕ ಹರಡುವ ಒಂದು ರೋಗ ಅವುಗಳ ಬೇರನ್ನು ಕೊಳೆಸುತ್ತದೆ. ಅದು ಸಾಗಲು ಬೂಟಿನ ಅಡಿಯ ಚಿಟಿಕೆ ಮಣ್ಣು ಸಾಕು. ಅದಕ್ಕೇ ಅಲ್ಲಿ ಕಾಡುದಾರಿಯ ಬಾಯಲ್ಲೇ ಶೂ ಉಜ್ಜುವ ಬ್ರಶ್ಶು, ಔಷಧಿ ಇಟ್ಟಿದ್ದಾರೆ. ಕಳೆ ಬೀಜಗಳು ಕಾಲುಚೀಲಕ್ಕೆ, ಟೆಂಟಿನ ತಳಕ್ಕೆ ಅಂಟಿಕೊಂಡು ಬರುತ್ತವೆ. ಮನೆಗೆ ಬಂದ ದಿನವೇ ಟೆಂಟ್ ಕೊಡವಿ ಒಣಗಿಸಿ.

ಪ್ರಶ್ನೆ: ಹೊಳೆಯಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಫೋಟೋ ತೆಗೆಯುವುದೂ ತಪ್ಪಾ?

ಹೊಳೆಯ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ, ಅಡಿ ನೋಡಿ. ಅಂಟಿಕೊಂಡ ಪುಟ್ಟ ಹುಳುಗಳು, ಮರಳಿನ ಕಣ ಪೋಣಿಸಿ ಕಟ್ಟಿದ ಗೂಡುಗಳು, ಅದೃಷ್ಟವಿದ್ದರೆ ಮೀನಿನ ಮೊಟ್ಟೆ. ನೋಡಿದ ಮೇಲೆ ಎತ್ತಿದ ಹಾಗೇ ಇಡಿ. ಬೆಟ್ಟದ ಮೇಲೆ ಇನ್ನೊಂದು ತೊಂದರೆ ಇದೆ. ಮಂಜು ಕವಿದಾಗ ದಾರಿ ತೋರಿಸಲು ಅಲ್ಲಿ ಕಲ್ಲುಗುಡ್ಡೆ ಇಟ್ಟಿರುತ್ತಾರೆ. ನೀವು ಫೋಟೋಗೆ ಕಟ್ಟಿದ್ದನ್ನು ನಂಬಿಕೊಂಡು ಯಾರಾದರೂ ದಾರಿ ತಪ್ಪಬಹುದು.

ಪ್ರಶ್ನೆ: ಹೊರಡುವಾಗ ಎಲ್ಲ ಸರಿಯಾಗಿದೆಯಾ ಅಂತ ಹೇಗೆ ನೋಡಿಕೊಳ್ಳುತ್ತೀರಿ?

ಬ್ಯಾಗ್ ಕಟ್ಟಿ ದೂರ ಇಟ್ಟ ಮೇಲೆ, ಎಲ್ಲರೂ ಕೈ ಚಾಚಿದಷ್ಟು ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತಾ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆಯುತ್ತೇವೆ. ದೊಡ್ಡ ಕಸ ಯಾರೂ ಬಿಡುವುದಿಲ್ಲ, ಸಿಗುವುದೆಲ್ಲ ಚಿಲ್ಲರೆ. ಪೊಟ್ಟಣದ ಹರಿದ ಮೂಲೆ, ಗುಳಿಗೆಯ ಪದರ, ರಬ್ಬರ್ ಬ್ಯಾಂಡ್, ಬೆಂಕಿಕಡ್ಡಿ. ಪೊಟ್ಟಣವನ್ನು ಮೂಲೆ ಪೂರ್ತಿ ಹರಿಯದೆ, ಅಂಟಿಕೊಂಡೇ ಇರುವ ಹಾಗೆ ಬಿಚ್ಚುವುದನ್ನು ಕಲಿತರೆ ಅರ್ಧ ಕೆಲಸ ಕಮ್ಮಿ. ಆಮೇಲೆ ಮಲಗಿದ ಹುಲ್ಲನ್ನು ಬೆರಳಿನಿಂದ ಎಬ್ಬಿಸಿ, ಸರಿಸಿದ್ದ ತರಗೆಲೆಯನ್ನು ಮತ್ತೆ ಎಳೆದು ಹಾಕುತ್ತೇವೆ. ಹೋದ ಸಲ ನಾಲ್ಕು ಟೆಂಟಿಗೆ ಒಂದು ಗೂಟ ಕಮ್ಮಿ ಬಂತು. ಅರ್ಧ ಗಂಟೆ ಹುಡುಕಿದೆವು. ನನ್ನ ಜೇಬಿನಲ್ಲೇ ಇತ್ತು.